ಸ್ಕ್ಯಾನಿನಲ್ಲಿ ಗಡ್ಡೆ ಹಿಗ್ಗಿದೆ, ಹಾಗಂತ ರೋಗ ಹೆಚ್ಚಿದೆಯೇ?

ಇಮ್ಯುನೊಥೆರಪಿ ಶುರುವಾದ ಮೇಲಿನ ಮೊದಲ ಸಿಟಿ ಸ್ಕ್ಯಾನಿನಲ್ಲಿ ಗಡ್ಡೆ ದೊಡ್ಡದಾಗಿ ಕಂಡರೆ, ವರದಿ ಬರೆಯುವ ರೇಡಿಯಾಲಜಿಸ್ಟ್ ಅವಸರ ಮಾಡಬಾರದು. ಈ ಔಷಧಿಗಳು ಕ್ಯಾನ್ಸರ್ ಕೋಶವನ್ನು ನೇರವಾಗಿ ಕೊಲ್ಲುವುದಿಲ್ಲ. ದೇಹದ್ದೇ ಆದ, ಟಿ ಕೋಶಗಳೆಂಬ ಕಾದಾಡುವ ಬಿಳಿ ರಕ್ತಕಣಗಳಿಗಿರುವ ತಡೆಯನ್ನು ತೆಗೆಯುತ್ತವೆ. ಆ ಕೋಶಗಳು ಗಡ್ಡೆಯೊಳಗೆ ನುಗ್ಗಿ, ಊತವೂ ಸೇರಿಕೊಂಡರೆ ಗಡ್ಡೆ ಕೆಲಕಾಲ ಹಿಗ್ಗುವುದುಂಟು. ಇದು ಅಪರೂಪ, ಹೆಚ್ಚಿನವರಲ್ಲಿ ಬೆಳೆದದ್ದು ರೋಗವೇ. ಆದರೂ ರೋಗಿಯ ಸ್ಥಿತಿ ಚೆನ್ನಾಗಿದ್ದರೆ 4ರಿಂದ 8 ವಾರ ಬಿಟ್ಟು ಇನ್ನೊಮ್ಮೆ ನೋಡಿ ಖಚಿತಪಡಿಸಿಕೊಳ್ಳಿ ಎನ್ನುತ್ತದೆ ಇಮ್ಯುನೊಥೆರಪಿಯಲ್ಲಿ ಗಡ್ಡೆಯನ್ನು ಅಳೆಯುವ ಬಗೆ ಹೇಳುವ 2017ರ ಐರೆಸಿಸ್ಟ್ ಮಾರ್ಗಸೂಚಿ.

ಮಾಮೂಲಿ ಪೆಟ್ ಸ್ಕ್ಯಾನ್ ಮಾಡಿಸಿದರಾಯಿತಲ್ಲ ಎಂದು ಕೇಳುವವರಿದ್ದಾರೆ. ಅದು ತೋರಿಸುವುದು ಗ್ಲೂಕೋಸ್ ಎಲ್ಲಿ ಹೆಚ್ಚು ಖರ್ಚಾಗುತ್ತಿದೆ ಎಂಬುದನ್ನು. ಕ್ಯಾನ್ಸರ್ ಕೋಶವೂ ಸಕ್ಕರೆ ಎಳೆದುಕೊಳ್ಳುತ್ತದೆ, ಕಾದಾಟಕ್ಕಿಳಿದ ಟಿ ಕೋಶವೂ ಎಳೆದುಕೊಳ್ಳುತ್ತದೆ. ಪರದೆಯ ಮೇಲೆ ಎರಡೂ ಒಂದೇ ಥರ ಹೊಳೆಯುತ್ತವೆ.

ಬಯಾಪ್ಸಿ ಈ ಗೊಂದಲ ಬಿಡಿಸುತ್ತದೆ. ಗಡ್ಡೆಯಿಂದ ತೆಗೆದ ತುಣುಕಿಗೆ ಬಣ್ಣ ಹಾಕಿದರೆ ಸಿಡಿ8 ಟಿ ಕೋಶಗಳನ್ನು (ಮೈಮೇಲೆ ಸಿಡಿ8 ಎಂಬ ಪ್ರೋಟೀನ್ ಇರುವ, ಕ್ಯಾನ್ಸರ್ ಕೋಶವನ್ನು ಕೊಲ್ಲಬಲ್ಲ ಟಿ ಕೋಶಗಳು) ಎಣಿಸಬಹುದು, ಅವು ಒಳಗೆ ಹೊಕ್ಕಿವೆಯೋ ಅಂಚಿನಲ್ಲೇ ನಿಂತಿವೆಯೋ ಎಂಬುದೂ ತಿಳಿಯುತ್ತದೆ. ಆದರೆ ಸೂಜಿಗೆ ಸಿಗುವುದು ನೂಲಿನೆಳೆಯಷ್ಟು. ಶ್ವಾಸಕೋಶದ ಗಡ್ಡೆಯ ಕಥೆಯೇ ಯಕೃತ್ತಿನ ಗಡ್ಡೆಯದೂ ಆಗಬೇಕೆಂದಿಲ್ಲ.

ಅದಕ್ಕೇ ಸಂಶೋಧಕರು ಸಿಡಿ8ಕ್ಕೆ ಅಂಟಿಕೊಳ್ಳುವ ಪ್ರತಿಕಾಯದ ಚೂರಿಗೆ ಜಿರ್ಕೋನಿಯಂ-89 ಎಂಬ ವಿಕಿರಣಶೀಲ ಧಾತು ಕಟ್ಟಿ ರಕ್ತಕ್ಕೆ ಬಿಡುತ್ತಿದ್ದಾರೆ. ಅದು ಅಂಟಿಕೊಂಡ ಜಾಗ ಪೆಟ್ ಸ್ಕ್ಯಾನಿನಲ್ಲಿ ಹೊಳೆಯುತ್ತದೆ. ಈ ಜಿರ್ಕೋನಿಯಂನ ಅರ್ಧಾಯು (ವಿಕಿರಣ ಅರ್ಧಕ್ಕಿಳಿಯುವ ಹೊತ್ತು) ಸುಮಾರು 78 ಗಂಟೆ, ಹಾಗಾಗಿ ಚುಚ್ಚುಮದ್ದಿನ ಮರುದಿನವೂ ಸ್ಕ್ಯಾನ್ ಮಾಡಬಹುದು. ಮೊದಲು ಕಣ್ಣಿಗೆ ಹೊಡೆಯುವುದು ಗುಲ್ಮ (ಸ್ಪ್ಲೀನ್)! ಅಲ್ಲಿ ಟಿ ಕೋಶಗಳು ಸಹಜವಾಗಿಯೇ ತುಂಬಿರುತ್ತವೆ, ಗಾಬರಿ ಬೇಡ. ಇಲ್ಲೂ ಮಿತಿಗಳಿವೆ. ಟಿ ಕೋಶದ ಅಗಲ ಸುಮಾರು 10 ಮೈಕ್ರೋಮೀಟರ್. ಪೆಟ್ ಬಿಡಿಸಿ ತೋರಿಸಬಲ್ಲದ್ದು ಕೆಲವು ಮಿಲಿಮೀಟರ್ ಅಂತರವನ್ನು. ನಾವು ನೋಡುವುದು ಜಂಗುಳಿಯನ್ನೇ ಹೊರತು ಬಿಡಿ ಕೋಶವನ್ನಲ್ಲ. ದಣಿದು ಕೈಚೆಲ್ಲಿದ ಕೋಶದ ಮೇಲೂ ಸಿಡಿ8 ಇರುತ್ತದೆ. ಇದ್ದಾರೆ ಎಂದ ಮಾತ್ರಕ್ಕೆ ಕೆಲಸ ಮಾಡುತ್ತಿದ್ದಾರೆ ಎಂದರ್ಥವಲ್ಲವಲ್ಲ.

ಸಾಮಾನ್ಯ ಸಿಟಿಯ ಬೂದು ಛಾಯೆಗಳಿಂದಲೇ ಸಿಡಿ8 ಪ್ರಮಾಣ ಅಂದಾಜಿಸುವ ರೇಡಿಯೋಮಿಕ್ಸ್ ಕೂಡ ಬಂದಿದೆ. 2018ರಲ್ಲಿ ಫ್ರಾನ್ಸಿನ ತಂಡವೊಂದು ಇಂಥ ಮಾದರಿ ಪ್ರಕಟಿಸಿತು. ಆಲೋಚನೆ ನನಗೂ ಇಷ್ಟವೇ. ಆದರೆ ಯಂತ್ರ ಬದಲಾದರೆ, ಸ್ಲೈಸಿನ ದಪ್ಪ ಬದಲಾದರೆ, ಕಾಂಟ್ರಾಸ್ಟ್ (ಚಿತ್ರ ಸ್ಪಷ್ಟವಾಗಲು ಚುಚ್ಚುವ ದ್ರವ) ಕೊಟ್ಟ ಹೊತ್ತು ಹೆಚ್ಚುಕಡಿಮೆಯಾದರೆ ಲೆಕ್ಕವೂ ಅಲುಗಾಡುತ್ತದೆ. ಅದೊಂದನ್ನೇ ನೆಚ್ಚಿ ಔಷಧಿ ನಿಲ್ಲಿಸಿ ಎಂದು ನಾನಂತೂ ಬರೆಯಲಾರೆ.

ಸದ್ಯಕ್ಕೆ ನಿಮ್ಮಿಂದಾಗುವ ಸಹಾಯ ಒಂದಿದೆ: ಸ್ಕ್ಯಾನಿಗೆ ಬರುವಾಗ ಹಳೆಯ ಚಿತ್ರಗಳನ್ನು ತನ್ನಿ, ಇಮ್ಯುನೊಥೆರಪಿ ಶುರುವಾದ ತಾರೀಕನ್ನು ತಪ್ಪದೆ ತಿಳಿಸಿ. ಅದು ಗೊತ್ತಿಲ್ಲದಿದ್ದರೆ ಹಿಗ್ಗಿದ ಗಡ್ಡೆಯನ್ನು ರೇಡಿಯಾಲಜಿಸ್ಟರಾದ ನಾವು, ಹಿಗ್ಗಿದರೆ ರೋಗ ಹೆಚ್ಚಿದಂತೆ ಎಂಬ ಹಳೆಯ ಲೆಕ್ಕದಲ್ಲೇ ಓದಿಬಿಡುತ್ತೇವೆ.