ಕುಡಿಯುವವರು ಅವರೇ, ಷೇರು ಮಾತ್ರ ನಿಂತಲ್ಲಿ ನಿಲ್ಲಲಿಲ್ಲ

2012ರ ನವೆಂಬರ್ 12, ಸೋಮವಾರ. ದೀಪಾವಳಿಯ ವಾರ. ಬೆಂಗಳೂರಿನ ಮದ್ಯದ ಕಂಪನಿ ಯುನೈಟೆಡ್ ಸ್ಪಿರಿಟ್ಸ್‌ನ ಷೇರು ಅವತ್ತು ಒಂದೇ ದಿನದಲ್ಲಿ ಸುಮಾರು ಶೇ 35ರಷ್ಟು ಏರಿತು. ಹಿಂದಿನ ಶುಕ್ರವಾರ ಬ್ರಿಟನ್ನಿನ ಡಿಯಾಜಿಯೊ ಕಂಪನಿ, ಹಂತಹಂತವಾಗಿ ಶೇ 53ರಷ್ಟು ಪಾಲು ಕೊಳ್ಳುತ್ತೇನೆ, ಷೇರಿಗೆ 1,440 ರೂಪಾಯಿ ಕೊಡುತ್ತೇನೆ ಎಂದಿತ್ತು. ಸೋಮವಾರ ಪೇಟೆ ಮುಚ್ಚುವ ಹೊತ್ತಿಗೆ ಷೇರು 1,800 ದಾಟಿತ್ತು. ಅಂದರೆ ಕೊಳ್ಳುವವನು ಹೇಳಿದ ಬೆಲೆಗೂ ಮೇಲೆ. ಮುಂದಿನ ಏಪ್ರಿಲ್‌ನಲ್ಲಿ ಡಿಯಾಜಿಯೊ ಓಪನ್ ಆಫರ್ (ಸಾಮಾನ್ಯ ಷೇರುದಾರರಿಂದ ಷೇರು ಕೊಳ್ಳುವ ಆಹ್ವಾನ) ತೆರೆದಾಗ ಅದಕ್ಕೆ ಸಿಕ್ಕಿದ್ದು ಶೇ 0.04ರಷ್ಟು ಷೇರು ಮಾತ್ರ. ಪೇಟೆಯಲ್ಲಿ ಜಾಸ್ತಿ ಸಿಗುವಾಗ 1,440ಕ್ಕೆ ಯಾರು ಕೊಡ್ತಾರೆ?

ಒಂದು ದಿನಕ್ಕೆ ಇಷ್ಟು ಏರಲು ಬಿಟ್ಟಿದ್ದು ಹೇಗೆ ಎಂದು ಕೇಳಬಹುದು. ಸಾಮಾನ್ಯ ಷೇರುಗಳಿಗೆ ದಿನಕ್ಕೆ ಇಷ್ಟೇ ಏರಬೇಕು, ಇಷ್ಟೇ ಇಳಿಯಬೇಕು ಎಂಬ ಸರ್ಕ್ಯೂಟ್ ಮಿತಿ ಇರುತ್ತದೆ. ಫ್ಯೂಚರ್ಸ್ ಮತ್ತು ಆಪ್ಷನ್ಸ್, ಅಂದರೆ ಮುಂದಿನ ದಿನಾಂಕದ ಬೆಲೆಯ ಮೇಲೆ ಈಗಲೇ ಮಾಡಿಕೊಳ್ಳುವ ಒಪ್ಪಂದಗಳು, ನಡೆಯುವ ಷೇರುಗಳಿಗೆ ಆ ಗಟ್ಟಿ ಮಿತಿ ಇಲ್ಲ. ಯುನೈಟೆಡ್ ಸ್ಪಿರಿಟ್ಸ್ ಆ ಪಟ್ಟಿಯಲ್ಲಿತ್ತು.

ಇಂಥ ಒಂದು ದಿನ ಲೆಕ್ಕವನ್ನೆಲ್ಲ ಹೇಗೆ ಕೆಡಿಸುತ್ತದೆ ನೋಡಿ. ಷೇರಿನ ಏರಿಳಿತ ಅಳೆಯಲು ದಿನದಿನದ ಶೇಕಡಾ ಬದಲಾವಣೆ ತೆಗೆದುಕೊಂಡು, ಅವು ಸರಾಸರಿಯಿಂದ ಎಷ್ಟು ದೂರ ಚದುರಿವೆ ಎಂದು ನೋಡುತ್ತಾರೆ. ಹೀಗೆ ಬಂದ ದಿನವಾರು ಅಂಕಿಯನ್ನು ಸುಮಾರು 16ರಿಂದ ಗುಣಿಸಿದರೆ ವರ್ಷದ ಅಂಕಿ. ವರ್ಷಕ್ಕೆ 252ರ ಆಸುಪಾಸು ವಹಿವಾಟಿನ ದಿನಗಳು, ಅದರ ವರ್ಗಮೂಲ ಹೆಚ್ಚುಕಡಿಮೆ 16. ಈಗ 21 ದಿನಗಳ ಒಂದು ತಿಂಗಳು ಅಂದುಕೊಳ್ಳಿ. ಹತ್ತು ದಿನ ಶೇ 1 ಏರಿಕೆ, ಹತ್ತು ದಿನ ಶೇ 1 ಇಳಿಕೆ, ಒಂದು ದಿನ ಶೇ 35 ಏರಿಕೆ. ಲೆಕ್ಕ ಹಾಕಿದರೆ ದಿನದ ಏರಿಳಿತ ಶೇ 7.7 ಎಂದು ಬರುತ್ತದೆ. ಆದರೆ ಆ ತಿಂಗಳಲ್ಲಿ ಶೇ 7.7ರ ಹತ್ತಿರ ಚಲಿಸಿದ ದಿನ ಒಂದೂ ಇಲ್ಲ! ತಿಂಗಳು ಕಳೆದು ಆ ದಿನ ಲೆಕ್ಕದಿಂದ ಆಚೆ ಬಿದ್ದ ಕೂಡಲೇ ಅಂಕಿ ಮತ್ತೆ 1ಕ್ಕೆ ಇಳಿಯುತ್ತದೆ. ಷೇರು ಸುಮ್ನೆ ಇತ್ತು, ಅಂಕಿ ಕುಣಿಯಿತು.

ಹಾಗಾಗಿ ಈ ಷೇರಿನ ಮಟ್ಟಿಗೆ ಸರಾಸರಿಗಿಂತ ಕೆಲವು ದಿನಾಂಕಗಳೇ ಮುಖ್ಯ ಎನ್ನುವುದು ನನ್ನ ಅಭಿಪ್ರಾಯ. ಆ ದಿನಾಂಕಗಳಿಗೂ ಜನ ಎಷ್ಟು ಕುಡಿದರು ಎಂಬುದಕ್ಕೂ ಸಂಬಂಧ ಕಡಿಮೆ. ಮೊದಮೊದಲು ಷೇರನ್ನು ಅಲ್ಲಾಡಿಸಿದ್ದು ಮಾಲೀಕರ ಸಾಲ. ಆಮೇಲೆ ಸರ್ಕಾರ ಮತ್ತು ಕೋರ್ಟಿನ ಆದೇಶ.

ಸಾಲದ ಕಥೆ 2007ರಿಂದ ಹಿಡಿಯಬಹುದು. ಆ ವರ್ಷ ಯುನೈಟೆಡ್ ಸ್ಪಿರಿಟ್ಸ್‌ನ ಆಗಿನ ಮಾಲೀಕ ವಿಜಯ್ ಮಲ್ಯ ಸ್ಕಾಟ್ಲೆಂಡಿನ ವೈಟ್ ಆಂಡ್ ಮ್ಯಾಕೇ ಎಂಬ ವಿಸ್ಕಿ ಕಂಪನಿಯನ್ನು 59.5 ಕೋಟಿ ಪೌಂಡ್ ಕೊಟ್ಟು ಕೊಂಡರು. ದುಡ್ಡಿನಲ್ಲಿ ಹೆಚ್ಚಿನ ಪಾಲು ಸಾಲದ್ದು. ಮರುವರ್ಷವೇ ಜಗತ್ತಿನ ಹಣಕಾಸು ಕುಸಿತ. ಇನ್ನೊಂದು ಕಡೆ ಅವರದೇ ಕಿಂಗ್‌ಫಿಷರ್ ಏರ್‌ಲೈನ್ಸ್ ನಷ್ಟದ ಮೇಲೆ ನಷ್ಟ ಮಾಡಿಕೊಳ್ಳುತ್ತಿತ್ತು. ಮಲ್ಯ ಬಳಗ ತನ್ನ ಕೈಲಿದ್ದ ಷೇರುಗಳನ್ನು ಸಾಲಕ್ಕೆ ಅಡ ಇಟ್ಟಿತ್ತು. ಅಡ ಇಟ್ಟ ಷೇರು ಎಷ್ಟು ಎಂಬುದು ಜನರಿಗೆ ಗೊತ್ತಾಗಲು ಶುರುವಾದದ್ದೂ 2009ರಿಂದೀಚೆಗೆ, ಸತ್ಯಂ ಹಗರಣದ ನಂತರ ಷೇರುಪೇಟೆಯ ನಿಯಂತ್ರಕ ಸೆಬಿ ನಿಯಮ ಮಾಡಿದ ಮೇಲೆ.

ಅಡ ಇಟ್ಟ ಷೇರಿನ ಅಪಾಯ ಹೀಗೆ: ಬೆಲೆ ಇಳಿದರೆ ಸಾಲ ಕೊಟ್ಟವರು ಇನ್ನಷ್ಟು ಷೇರು ಕೇಳುತ್ತಾರೆ. ಕೊಡಲು ಆಗದಿದ್ದರೆ ಇರುವುದನ್ನೇ ಮಾರುತ್ತಾರೆ. ಮಾರಿದರೆ ಬೆಲೆ ಇನ್ನೂ ಇಳಿಯುತ್ತದೆ. ವಿಸ್ಕಿ, ರಮ್ಮು ಎಂದಿನಂತೆ ಮಾರಾಟವಾಗುತ್ತಿದ್ದರೂ ವಿಮಾನದ ಸಾಲ ಬಾಟಲಿಯ ಷೇರನ್ನು ಎಳೆದಾಡಿತು. 2011ರ ಕೊನೆಯಲ್ಲಿ 500ರ ಆಸುಪಾಸಿನಲ್ಲಿದ್ದ ಬೆಲೆ ಮರುವರ್ಷ ಡಿಯಾಜಿಯೊ ಬರುತ್ತದೆ ಎಂಬ ಸುದ್ದಿಗೇ ಓಡತೊಡಗಿತು. 2012ರ ಅಕ್ಟೋಬರ್‌ನಲ್ಲಿ ಕಿಂಗ್‌ಫಿಷರ್ ವಿಮಾನದ ಲೈಸೆನ್ಸ್ ಅಮಾನತಾಯಿತು. ನವೆಂಬರ್‌ನಲ್ಲಿ ಒಪ್ಪಂದ.

2014ರಲ್ಲಿ ಡಿಯಾಜಿಯೊ ಇನ್ನೊಂದು ಆಫರ್ ತಂದಿತು, ಈ ಸಲ ಷೇರಿಗೆ 3,030 ರೂಪಾಯಿ. ಇನ್ನೂ ಶೇ 26 ಪಾಲಿಗೆ ಸುಮಾರು 11,400 ಕೋಟಿ ಖರ್ಚಾಗಿ, ಒಟ್ಟು ಪಾಲು ಶೇ 54.78 ಆಯಿತು. ವೈಟ್ ಆಂಡ್ ಮ್ಯಾಕೇಯನ್ನು ಅದೇ ವರ್ಷ 43 ಕೋಟಿ ಪೌಂಡಿಗೆ ಮಾರಿದರು. ಕೊಂಡಿದ್ದೆಷ್ಟು, ಮಾರಿದ್ದೆಷ್ಟು, ನೀವೇ ಕಳೆಯಿರಿ. 2016ರ ಫೆಬ್ರುವರಿಯಲ್ಲಿ ಮಲ್ಯ ಅಧ್ಯಕ್ಷ ಸ್ಥಾನ ಬಿಟ್ಟರು, ಮಾರ್ಚ್‌ನಲ್ಲಿ ದೇಶವನ್ನೂ ಬಿಟ್ಟರು.

ಮಾಲೀಕರ ಗಲಾಟೆ ಮುಗಿಯಿತು, ಇನ್ನಾದರೂ ಷೇರು ತಣ್ಣಗಿರುತ್ತದೆ ಅಂದುಕೊಂಡರೆ ಆಗಲೇ ಆದೇಶಗಳ ಸುರಿಮಳೆ. 2016ರ ಏಪ್ರಿಲ್‌ನಲ್ಲಿ ಬಿಹಾರದಲ್ಲಿ ಪಾನನಿಷೇಧ. ನವೆಂಬರ್‌ನಲ್ಲಿ ನೋಟು ರದ್ದು. ವೈನ್ ಶಾಪ್‌ನಲ್ಲಿ ಆಗ ನಡೆಯುತ್ತಿದ್ದುದು ಬಹುತೇಕ ನಗದು ವ್ಯಾಪಾರವೇ ಅಲ್ವಾ. ಡಿಸೆಂಬರ್ 15ಕ್ಕೆ ಸುಪ್ರೀಂ ಕೋರ್ಟ್, ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯದಂಗಡಿ ಇರಕೂಡದು ಎಂದಿತು. ಬಾರು, ಹೋಟೆಲುಗಳಿಗೂ ಇದು ಅನ್ವಯ ಎಂದು 2017ರ ಮಾರ್ಚ್ 31ರಂದು ಸ್ಪಷ್ಟಪಡಿಸಿತು. ಅದು ಶುಕ್ರವಾರ. ಸೋಮವಾರ ಪೇಟೆ ತೆರೆಯುತ್ತಲೇ ಮದ್ಯದ ಷೇರುಗಳು ಬಿದ್ದವು. ಬೆಂಗಳೂರಿನಲ್ಲಿ ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆಯ ಬಾರುಗಳೂ ಜುಲೈನಲ್ಲಿ ಬಾಗಿಲು ಹಾಕಿದವು. ನಗರಸಭೆ, ಪಾಲಿಕೆಗಳ ಮಿತಿಯೊಳಗಿನ ಅಂಗಡಿಗಳಿಗೆ ಆದೇಶ ತಾಗುವುದಿಲ್ಲ ಎಂದು ಅದೇ ತಿಂಗಳು ಕೋರ್ಟೇ ಹೇಳಿದ ಮೇಲೆ ಉಸಿರು ಬಂತು.

ಸೋಪು, ಬಿಸ್ಕತ್ತಿನ ಕಂಪನಿಗೆ ಈ ಕಾಟವಿಲ್ಲ. ಮದ್ಯ ಜಿಎಸ್‌ಟಿಯ ಹೊರಗಿದೆ, ಸುಂಕ ಹಾಕುವ ಅಧಿಕಾರ ರಾಜ್ಯದ್ದು. ಕರ್ನಾಟಕದಲ್ಲಿ ಕಂಪನಿಗಳು ನೇರವಾಗಿ ಅಂಗಡಿಗೆ ಮಾರುವಂತಿಲ್ಲ, ನಡುವೆ ರಾಜ್ಯ ಪಾನೀಯ ನಿಗಮವಿದೆ. ಖರ್ಚು ಹೆಚ್ಚಾಯಿತು ಎಂದು ಎಷ್ಟೋ ರಾಜ್ಯಗಳಲ್ಲಿ ಕಂಪನಿ ತಾನಾಗಿ ಬೆಲೆ ಏರಿಸುವಂತಿಲ್ಲ, ಸರ್ಕಾರ ಒಪ್ಪಬೇಕು. 2023ರ ಜುಲೈ ಬಜೆಟ್‌ನಲ್ಲಿ ಸಿದ್ದರಾಮಯ್ಯ ಹೆಚ್ಚುವರಿ ಅಬಕಾರಿ ಸುಂಕವನ್ನು ಶೇ 20ರಷ್ಟು ಏರಿಸಿದ್ದು ನೆನಪಿರಬಹುದು.

ಬೇಡಿಕೆ ಎಷ್ಟು ಗಟ್ಟಿ ಎಂಬುದನ್ನು ಕೋವಿಡ್ ತೋರಿಸಿತು. 2020ರ ಮಾರ್ಚ್ 23ರಂದು ಸೆನ್ಸೆಕ್ಸ್ ಶೇ 13ರಷ್ಟು ಕುಸಿದಾಗ ಯಾವ ಷೇರಿಗೂ ಉಳಿಗಾಲವಿರಲಿಲ್ಲ. ಆಮೇಲೆ ಅಂಗಡಿಗಳಿಗೆ ನಲವತ್ತು ದಿನ ಬೀಗ. ಮೇ 4ಕ್ಕೆ ತೆರೆದಾಗ ಕರ್ನಾಟಕದಲ್ಲಿ ಮೊದಲ ದಿನದ ಮಾರಾಟ 45 ಕೋಟಿ ರೂಪಾಯಿ, ಎರಡನೇ ದಿನ 197 ಕೋಟಿ. ಸರ್ಕಾರವೂ ಸುಮ್ಮನಿರಲಿಲ್ಲ, ಮರುದಿನವೇ ಶೇ 17 ಸುಂಕ ಏರಿಕೆ! ದೆಹಲಿ ಶೇ 70ರ ‘ಕೊರೊನಾ ಶುಲ್ಕ’ ಹಾಕಿತು.

ಹಳೆಯ ಬೆಲೆ ಪಟ್ಟಿ ತೆರೆದು ನೋಡುವವರಿಗೆ ಒಂದು ಮಾತು. 2018ರ ಜೂನ್‌ನಲ್ಲಿ ಈ ಷೇರಿನ ಮುಖಬೆಲೆಯನ್ನು 10ರಿಂದ 2 ರೂಪಾಯಿಗೆ ಇಳಿಸಿದರು. ಒಂದು ಷೇರು ಐದಾಯಿತು, ಬೆಲೆ ಐದನೇ ಒಂದಾಯಿತು. ಸರಿಹೊಂದಿಸದ ಪಟ್ಟಿಯಲ್ಲಿ ಆ ದಿನ ಶೇ 80ರ ಕುಸಿತ ಕಾಣುತ್ತದೆ. ಅದು ಕುಸಿತವೇ ಅಲ್ಲ. ಸರಿಹೊಂದಿಸಿದ ಪಟ್ಟಿಯಲ್ಲಿ ಡಿಯಾಜಿಯೊ ಕೊಟ್ಟ 1,440 ಈಗ 288 ಆಗಿ, 3,030 ಈಗ 606 ಆಗಿ ಕಾಣುತ್ತದೆ. ಹಳೆಯ ಪತ್ರಿಕೆಯ ಅಂಕಿ ಒಂದು ಕೈಲಿ, ಇವತ್ತಿನ ಗ್ರಾಫ್ ಇನ್ನೊಂದು ಕೈಲಿ ಹಿಡಿದು ಹೋಲಿಸಲು ಹೋಗಬೇಡಿ.

2022ರಲ್ಲಿ ಕಂಪನಿ ಹೇವರ್ಡ್ಸ್, ಓಲ್ಡ್ ಟ್ಯಾವರ್ನ್ ಸೇರಿ 32 ಅಗ್ಗದ ಬ್ರ್ಯಾಂಡುಗಳನ್ನು 800 ಕೋಟಿಗೂ ಹೆಚ್ಚು ಬೆಲೆಗೆ ಮಾರಿ ದುಬಾರಿ ಬಾಟಲಿಗಳ ಕಡೆ ವಾಲಿತು. ಲಾಭವೇನೋ ಅಲ್ಲಿ ಜಾಸ್ತಿ. ಆದರೂ 2025ರ ಜೂನ್‌ನಲ್ಲಿ ಮಹಾರಾಷ್ಟ್ರ ಸಚಿವ ಸಂಪುಟ ವಿಸ್ಕಿ, ರಮ್ಮಿನ ಸುಂಕವನ್ನು ತಯಾರಿಕಾ ವೆಚ್ಚದ ಮೂರು ಪಟ್ಟಿನಿಂದ ನಾಲ್ಕೂವರೆ ಪಟ್ಟಿಗೆ ಏರಿಸಿದಾಗ, ಮರುದಿನ ಬೆಳಿಗ್ಗೆಯೇ ಷೇರು ಜೋರಾಗಿ ಬಿತ್ತು.