ಬೆಟ್ಟದ ಗಿಡ ಕಲ್ಬಾನಿಗೆ ಇಳಿದ ದಾರಿ

ಆಲ್ಪ್ಸ್ ಪರ್ವತದಲ್ಲಿ 2,500 ಮೀಟರ್ ಎತ್ತರದಲ್ಲಿ, ವರ್ಷದ ಏಳೆಂಟು ತಿಂಗಳು ಹಿಮದಡಿಯಲ್ಲೇ ಬದುಕುವ ಗಿಡವನ್ನು ತಂದು ಲಂಡನ್ನಿನ ತೋಟದ ಮಡಿಯಲ್ಲಿ ನೆಟ್ಟರೆ, ಜನವರಿ ಮುಗಿಯುವಷ್ಟರಲ್ಲಿ ಅದು ಕೊಳೆತಿರುತ್ತದೆ. ಲಂಡನ್ನಿನ ಚಳಿ ಆಲ್ಪ್ಸ್ ಚಳಿಯ ಮುಂದೆ ಏನೂ ಅಲ್ಲ. ಆದರೂ ಗಿಡ ಸಾಯುತ್ತದೆ. ಯಾಕೆ ಸಾಯುತ್ತದೆ ಎನ್ನುವುದು ಯುರೋಪಿನ ತೋಟಗಾರರಿಗೆ ಸರಿಯಾಗಿ ಅರ್ಥವಾಗಲು ಹತ್ತಿರ ಹತ್ತಿರ ನೂರೈವತ್ತು ವರ್ಷ ಹಿಡಿಯಿತು.

ಗಿಡವನ್ನು ಕೊಂದದ್ದು ಚಳಿಯಲ್ಲ, ತೇವ. ಬೆಟ್ಟದ ಮೇಲೆ ಹಿಮ ಕಂಬಳಿಯ ಕೆಲಸ ಮಾಡುತ್ತದೆ. ಹೊರಗೆ ಸೊನ್ನೆಗಿಂತ 20 ಡಿಗ್ರಿ ಕೆಳಗಿದ್ದರೂ ದಪ್ಪ ಹಿಮದ ಅಡಿಯಲ್ಲಿ ಉಷ್ಣಾಂಶ ಸೊನ್ನೆಯ ಆಸುಪಾಸಿನಲ್ಲೇ ನಿಂತಿರುತ್ತದೆ. ಅಲ್ಲಿ ನೀರು ಗಟ್ಟಿಯಾಗಿರುವುದರಿಂದ ಎಲೆಗೆ ಹಸಿ ತಾಗುವುದಿಲ್ಲ, ಬೆಳಕಿಲ್ಲದೆ ಗಿಡ ನಿದ್ದೆಯಲ್ಲಿರುತ್ತದೆ. ತಗ್ಗಿನ ಊರಿನ ಚಳಿಗಾಲ ಬೇರೆ. ಐದು ಡಿಗ್ರಿ, ಜಿಟಿಜಿಟಿ ಮಳೆ, ಮಂಕು ಬೆಳಕು. ಒತ್ತೊತ್ತಾಗಿ ಮೆತ್ತೆಯಂತೆ ಬೆಳೆಯುವ ಗಿಡದೊಳಗೆ ನೀರು ನಿಂತು ಬೂಸ್ಟು ಹಿಡಿಯುತ್ತದೆ. ಬೆಟ್ಟದಲ್ಲಿ ಗಾಳಿಯಿಂದ ಕಾಪಾಡಿ ಬಿಸಿಲಿನ ಶಾಖವನ್ನು ಹಿಡಿದಿಡುತ್ತಿದ್ದ ಆ ಮೆತ್ತೆಯೇ ಇಲ್ಲಿ ಒದ್ದೆ ಸ್ಪಂಜಾಗುತ್ತದೆ.

ಆದರೆ ಮೊದಲಿಗೆ ಜನರ ಕಣ್ಣು ಬಿದ್ದದ್ದು ಗಿಡದ ಮೇಲಲ್ಲ, ಬೆಟ್ಟದ ಮೇಲೆ. ಬೆಟ್ಟದ ಹಾಗೆ ಕಲ್ಲು ಜೋಡಿಸಿ ನಡುವೆ ಗಿಡ ನೆಡುವ ತೋಟವೇ ಕಲ್ಲುತೋಟ. ಯುರೋಪಿನಲ್ಲಿ ಇಂದಿಗೂ ಉಳಿದಿರುವ ಅತಿ ಹಳೆಯ ಕಲ್ಲುತೋಟ ಲಂಡನ್ನಿನ ಚೆಲ್ಸಿ ಫಿಸಿಕ್ ಗಾರ್ಡನ್‌ನಲ್ಲಿದೆ, 1773ರದು. ಅದರಲ್ಲಿ ಲಂಡನ್ ಕೋಟೆಯಿಂದ ಬಂದ ಹಳೆಯ ಕಟ್ಟಡದ ಕಲ್ಲಿದೆ, ಸಸ್ಯವಿಜ್ಞಾನಿ ಜೋಸೆಫ್ ಬ್ಯಾಂಕ್ಸ್ ಐಸ್‌ಲ್ಯಾಂಡಿನಿಂದ ಹಡಗಿನಲ್ಲಿ ಹೇರಿಕೊಂಡು ಬಂದ ಲಾವಾ ಕಲ್ಲಿದೆ. 1775ರಲ್ಲಿ ಜಾನ್ ಫೊದರ್‌ಗಿಲ್ ಮತ್ತು ವಿಲಿಯಂ ಪಿಟ್‌ಕೇರ್ನ್ ಎಂಬ ಇಬ್ಬರು ವೈದ್ಯರು ಥಾಮಸ್ ಬ್ಲೇಕಿ ಎಂಬ ತೋಟಗಾರನನ್ನು ಗಿಡ ತರಲೆಂದೇ ಆಲ್ಪ್ಸ್‌ಗೆ ಕಳಿಸಿದರು. ಗಿಡಗಳು ಬರತೊಡಗಿದವು, ಬಂದಂತೆಯೇ ಸಾಯತೊಡಗಿದವು.

ಹತ್ತೊಂಬತ್ತನೇ ಶತಮಾನದಲ್ಲಿ ದುಡ್ಡಿದ್ದವರು ಕಟ್ಟಿದ ಕಲ್ಲುತೋಟಗಳನ್ನು ನೋಡಿದರೆ ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ನೆನಪಾಗದೆ ಇರದು. ಚೆಸ್ಟರ್ ಬಳಿಯ ಹೂಲ್ ಹೌಸ್‌ನಲ್ಲಿ ಲೇಡಿ ಬ್ರೌಟನ್ ಆಲ್ಪ್ಸ್‌ನ ಸವಾಯ್ ಪ್ರಾಂತ್ಯದ ಹಿಮಪರ್ವತಗಳ ಮಾದರಿಯನ್ನೇ ಕಟ್ಟಿಸಿದರು. ಹೆನ್ಲಿಯ ಫ್ರಯರ್ ಪಾರ್ಕ್‌ನಲ್ಲಿ ವಕೀಲ ಫ್ರ್ಯಾಂಕ್ ಕ್ರಿಸ್ಪ್ ಸಾವಿರಾರು ಟನ್ ಕಲ್ಲು ತರಿಸಿ ಆಲ್ಪ್ಸ್‌ನ ಮ್ಯಾಟರ್‌ಹಾರ್ನ್ ಶಿಖರದ ಮರಿಯೊಂದನ್ನು ಎಬ್ಬಿಸಿದರು. (ಮುಂದೆ ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ ಕೊಂಡ ಬಂಗಲೆ ಇದೇ.) ಕಲ್ಲು ಸಾಲದ ಕಡೆ ಜೇಮ್ಸ್ ಪುಲಮ್ ಕಂಪನಿಯವರು ಇಟ್ಟಿಗೆ ಚೂರಿನ ಮೇಲೆ ಸಿಮೆಂಟ್ ಬಳಿದು ಬಂಡೆ ಮಾಡಿಕೊಡುತ್ತಿದ್ದರು. ಎಡಿನ್‌ಬರೋ ಸಸ್ಯೋದ್ಯಾನದಲ್ಲಿ ಜೇಮ್ಸ್ ಮೆಕ್‌ನಾಬ್ 1871ರ ಹೊತ್ತಿಗೆ 5,442 ಗೂಡುಗಳ ಕಲ್ಲುತೋಟ ಮಾಡಿದ್ದರು. ನೋಡಲು ಬೆಟ್ಟಕ್ಕಿಂತ ಹೆಚ್ಚಾಗಿ ಪಾರಿವಾಳದ ಗೂಡಿನ ಹಾಗಿದ್ದರೂ ಅದರ ಹಿಂದಿನ ಯೋಚನೆ ಸರಿಯಾಗಿತ್ತು: ಪ್ರತಿ ಗಿಡಕ್ಕೂ ಅದರದೇ ಮಣ್ಣು.

ಗಿಡದ ಕಡೆಯಿಂದ ಯೋಚಿಸಿದವರು ಇಂಗ್ಲೆಂಡಿನ ಹೊರಗಿದ್ದರು. ಇನ್ಸ್‌ಬ್ರುಕ್‌ನ ಸಸ್ಯವಿಜ್ಞಾನಿ ಆಂಟನ್ ಕೆರ್ನರ್ 1864ರಲ್ಲೇ ಆಲ್ಪ್ಸ್ ಗಿಡಗಳ ಕೃಷಿಯ ಬಗ್ಗೆ ಪುಸ್ತಕ ಬರೆದರು. ಜಿನೀವಾದ ಆನ್ರಿ ಕೊರ್‌ವೋನ್ 1880ರ ದಶಕದಲ್ಲಿ ಗಿಡಗಳನ್ನು ತಗ್ಗಿನ ಹವೆಗೆ ಒಗ್ಗಿಸುವ ತೋಟ ಶುರುಮಾಡಿದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ಬೆಟ್ಟದಿಂದ ಗಿಡಗಳನ್ನು ಬುಟ್ಟಿಗಟ್ಟಲೆ ಕಿತ್ತು ಮಾರುವ ದಂಧೆ ಬೆಳೆದಿತ್ತು. ಬೀಜದಿಂದಲೇ ಬೆಳೆದುಕೊಂಡರೆ ಕೀಳಬೇಕಾದ ಅಗತ್ಯವೇ ಇಲ್ಲ, ಹಾಗೆ ಹುಟ್ಟಿದ ಸಸಿ ತಗ್ಗಿನಲ್ಲಿ ಹೆಚ್ಚು ಬಾಳುತ್ತದೆ ಕೂಡ ಎಂದು ಅವರು ತೋರಿಸಿದರು.

ಇಂಗ್ಲೆಂಡಿನಲ್ಲಿ ಗಾಳಿ ತಿರುಗಿಸಿದವರು ಯಾರ್ಕ್‌ಷೈರ್‌ನ ರೆಜಿನಾಲ್ಡ್ ಫ್ಯಾರರ್. 1907ರಲ್ಲಿ ಬಂದ ಅವರ ಪುಸ್ತಕ ಆಗಿನ ಕಲ್ಲುತೋಟಗಳನ್ನು ಮೂರು ಜಾತಿ ಮಾಡಿ ಗೇಲಿ ಮಾಡಿತು: ಚೂಪುಗಲ್ಲು ಚುಚ್ಚಿಟ್ಟದ್ದು ಬಾದಾಮಿ ಕಡುಬು, ಕಲ್ಲನ್ನು ಚಪ್ಪಟೆಯಾಗಿ ಮಲಗಿಸಿದ್ದು ನಾಯಿಯ ಗೋರಿ, ಗಾಡಿಯಿಂದ ಸುರಿದಂತಿದ್ದದ್ದು ಸೈತಾನನ ಮಡಿಲು. ಗೇಲಿಗಿಂತ ಮುಖ್ಯವಾದದ್ದು ಅವರು ಜನಪ್ರಿಯಗೊಳಿಸಿದ ಜಲ್ಲಿಮಡಿ. ಮಣ್ಣು ಅತಿ ಕಡಿಮೆ, ಕಲ್ಲುಚೂರೇ ಹೆಚ್ಚು. ಬಿದ್ದ ಮಳೆ ಕ್ಷಣದಲ್ಲಿ ಇಳಿದುಹೋಗಬೇಕು, ಬೇರು ತಂಪನ್ನು ಹುಡುಕಿಕೊಂಡು ಆಳಕ್ಕೆ ಹೋಗಬೇಕು. ಫ್ಯಾರರ್ 1920ರಲ್ಲಿ ಗಿಡ ಹುಡುಕುತ್ತಲೇ ಬರ್ಮಾದ ಬೆಟ್ಟಗಳಲ್ಲಿ ತೀರಿಕೊಂಡರು.

ಇದಾದ ಮೇಲೆಯೇ ಬಾನಿ ಬಂದದ್ದು. ಮೊದಲ ಮಹಾಯುದ್ಧದ ನಂತರ ಸಾವಿರ ಟನ್ ಕಲ್ಲು ಹೇರಿಸಲು ದುಡ್ಡೂ ಇರಲಿಲ್ಲ, ಆಳೂ ಇರಲಿಲ್ಲ. ಅದೇ ಕಾಲಕ್ಕೆ ಹಳ್ಳಿಗಳಲ್ಲಿ ಕುದುರೆ, ಹಂದಿಗಳಿಗೆ ಇಟ್ಟಿದ್ದ ಕಲ್ಲಿನ ತೊಟ್ಟಿಗಳೂ ಅಡುಗೆಮನೆಯ ಕಲ್ಲಿನ ಸಿಂಕುಗಳೂ ಮೂಲೆ ಸೇರುತ್ತಿದ್ದವು. ನಮ್ಮ ಕೊಟ್ಟಿಗೆಯ ಮುಂದೆ ಕಲಗಚ್ಚು ಸುರಿಯುತ್ತಿದ್ದ ಕಲ್ಬಾನಿಯ ಗತಿಯೇ ಅವಕ್ಕೂ ಬಂದಿತ್ತು. ಸ್ಟೀವನೇಜ್‌ನಲ್ಲಿ ಸಿಕ್ಸ್ ಹಿಲ್ಸ್ ನರ್ಸರಿ ನಡೆಸುತ್ತಿದ್ದ ಕ್ಲಾರೆನ್ಸ್ ಎಲಿಯಟ್ ಅಂಥ ತೊಟ್ಟಿಗಳಲ್ಲಿ ಆಲ್ಪ್ಸ್ ಗಿಡ ನೆಟ್ಟು ತೋರಿಸಿದರು. 1929ರಲ್ಲಿ ಬ್ರಿಟನ್ನಿನ ಆಲ್ಪೈನ್ ಗಾರ್ಡನ್ ಸೊಸೈಟಿ ಹುಟ್ಟುವ ಹೊತ್ತಿಗೆ ಬಾನಿತೋಟದ ರೂಢಿ ಬೇರು ಬಿಟ್ಟಿತ್ತು.

ಬಾನಿ ಗೆದ್ದದ್ದು ಅಗ್ಗ ಎಂಬ ಕಾರಣಕ್ಕಷ್ಟೇ ಅಲ್ಲ. ನೆಲದಿಂದ ಮೇಲಿರುವುದರಿಂದ ಅಡಿಯ ತೂತಿನಿಂದ ನೀರು ಸರಾಗ ಇಳಿಯುತ್ತದೆ. ಮಣ್ಣಿನ ಮಿಶ್ರಣ ಪೂರ್ತಿ ನಮ್ಮ ಕೈಯಲ್ಲಿರುತ್ತದೆ. ದಪ್ಪ ಕಲ್ಲಿನ ಗೋಡೆ ಹಗಲಿನ ಬಿಸಿ, ರಾತ್ರಿಯ ಚಳಿ ಎರಡನ್ನೂ ಬೇರಿಗೆ ನಿಧಾನವಾಗಿ ಮುಟ್ಟಿಸುತ್ತದೆ. ಎರಡು ಸೆಂಟಿಮೀಟರಿನ ಹೂವು ಕಣ್ಣಿನ ಹತ್ತಿರಕ್ಕೂ ಬರುತ್ತದೆ. ದೊಡ್ಡ ಬೆಟ್ಟ ಕೊಡಲಾಗದ್ದನ್ನು ಹಂದಿಯ ತೊಟ್ಟಿ ಕೊಟ್ಟಿತು.

ಕಲ್ಲಿನ ಮೇಲಿನ ಮೋಹ ಮಾತ್ರ ಹೋಗಲಿಲ್ಲ. ಉತ್ತರ ಇಂಗ್ಲೆಂಡಿನಲ್ಲಿ ಹಿಮನದಿ ತೊಳೆದು ಮಳೆನೀರು ಕೊರೆದ ಸುಣ್ಣಕಲ್ಲಿನ ಹಾಸುಗಳಿವೆ. ಅವುಗಳ ಬಿರುಕುಗಳಲ್ಲೇ ಅಪರೂಪದ ಜರಿಗಿಡಗಳು ಬೆಳೆಯುತ್ತವೆ. ಕಲ್ಲುತೋಟಕ್ಕೆಂದು ಆ ಹಾಸನ್ನೇ ಎಬ್ಬಿಸಿ ಮಾರಿದರು. ಗಿಡ ಬೆಳೆಸಲು ಗಿಡದ ಮನೆಯನ್ನೇ ಕಿತ್ತ ಕೆಲಸ ಅದು. 1981ರ ವನ್ಯಜೀವಿ ಮತ್ತು ಗ್ರಾಮಾಂತರ ಕಾಯ್ದೆಯಲ್ಲಿ ಈ ಹಾಸುಗಳಿಗೆ ವಿಶೇಷ ರಕ್ಷಣೆ ಸಿಕ್ಕಿತು. ಅಷ್ಟರಲ್ಲಿ ಹಳೆಯ ಕಲ್ಬಾನಿಗಳೂ ದುಬಾರಿಯಾಗಿದ್ದವು. ಹಾಗಾಗಿ ಇಂದು ಹೆಚ್ಚಿನವರು ಬಳಸುವುದು ಸಿಮೆಂಟ್, ಮರಳು, ಪೀಟ್ (ಜೌಗುನೆಲದಲ್ಲಿ ಅರೆಕೊಳೆತ ಸಸ್ಯದ ಪುಡಿ) ಕಲಸಿ ಮಾಡಿದ ಹೈಪರ್‌ಟೂಫಾ ಬಾನಿ.

ಇದನ್ನು ಮನೆಯಲ್ಲೇ ಎರಕ ಹೊಯ್ಯಬಹುದು. ಹೊರಗಿನ ಅಳತೆ 60×40×25 ಸೆಂ.ಮೀ., ಗೋಡೆ ಮತ್ತು ತಳ 5 ಸೆಂ.ಮೀ. ದಪ್ಪ ಎಂದಿಟ್ಟುಕೊಂಡರೆ 30 ಲೀಟರ್ ಗಾರೆ ಬೇಕು. ಅದುಮಿದಾಗ ಕುಗ್ಗುವುದರಿಂದ 40 ಲೀಟರ್ ಒಣಪುಡಿ ಇಟ್ಟುಕೊಳ್ಳಿ: ಸಿಮೆಂಟ್ 10, ದಪ್ಪ ಮರಳು 10, ಜರಡಿ ಹಿಡಿದ ಪೀಟ್ 20 ಲೀಟರ್. ಪೀಟ್ ಬದಲು ನಮ್ಮ ತೆಂಗಿನ ಸೀಮೆಯಲ್ಲಿ ಗುಡ್ಡೆ ಬೀಳುವ ನಾರಿನ ಪುಡಿಯೂ ಆಗುತ್ತದೆ, ಆದರೆ ಉಪ್ಪಿನಂಶ ಹೋಗುವಂತೆ ಎರಡು ಮೂರು ಸಲ ತೊಳೆಯಬೇಕು. ನೀರನ್ನು ಸ್ವಲ್ಪ ಸ್ವಲ್ಪವೇ ಹಾಕಿ. ಮುಷ್ಟಿಯಲ್ಲಿ ಹಿಂಡಿದರೆ ಬೆರಳ ಸಂದಿನಲ್ಲಿ ಒಂದೆರಡು ಹನಿ ಮೂಡಬೇಕು, ಧಾರೆ ಇಳಿಯಬಾರದು. ನೀರು ಹೆಚ್ಚಾದರೆ ಗೋಡೆ ಕುಸಿಯುತ್ತದೆ, ಒಣಗಿದ ಮೇಲೂ ಬಲ ಬರುವುದಿಲ್ಲ. ಕೈಗವಸು, ಮುಖಗವಸು ಬಿಡಬೇಡಿ.

ಒಂದರೊಳಗೊಂದು ಕೂರುವ ಎರಡು ರಟ್ಟಿನ ಪೆಟ್ಟಿಗೆಗಳೇ ಅಚ್ಚು. ತಳಕ್ಕೆ ಗಾರೆ ಹಾಕಿ ಎರಡು ಮೂರು ಕಡೆ 2.5 ಸೆಂ.ಮೀ. ದಪ್ಪದ ಮರದ ಗೂಟ ನಿಲ್ಲಿಸಿದರೆ ಅವೇ ನೀರಿನ ತೂತುಗಳಾಗುತ್ತವೆ. ಗೋಡೆಯನ್ನು ತುಂಬುತ್ತಾ ಕೋಲಿನಿಂದ ಕುಟ್ಟಬೇಕು, ಮುಖ್ಯವಾಗಿ ಮೂಲೆಗಳಲ್ಲಿ. ಬಾನಿ ಬಿರಿಯುವುದು ಸಾಮಾನ್ಯವಾಗಿ ಅಲ್ಲೇ. ಪ್ಲಾಸ್ಟಿಕ್ ಹೊದಿಸಿ ಒಂದೆರಡು ದಿನ ಬಿಟ್ಟು ಅಚ್ಚು ಬಿಡಿಸಿ, ಇನ್ನೂ ಮೆದುವಿರುವಾಗಲೇ ತಂತಿಬ್ರಷ್‌ನಿಂದ ಚೂಪು ಅಂಚುಗಳನ್ನು ಉಜ್ಜಿದರೆ ಹಳೆಯ ಕಲ್ಲಿನ ಮೈ ಬರುತ್ತದೆ. ಆಮೇಲೆ ಮೂರು ನಾಲ್ಕು ವಾರ ತೇವದಲ್ಲೇ ಇಡಿ. ಮನೆಯ ಮೋಲ್ಡಿಗೆ ಕ್ಯೂರಿಂಗ್ ಮಾಡುವುದು ಯಾಕೋ ಇಲ್ಲಿಯೂ ಅದಕ್ಕೇ. ನಂತರವೂ ಕೆಲವು ವಾರ ಮಳೆಗೆ ಬಿಟ್ಟು ಅಥವಾ ನೀರು ತುಂಬಿ ತುಂಬಿ ಚೆಲ್ಲಿ ಸಿಮೆಂಟಿನ ಕ್ಷಾರ ಇಳಿಸದಿದ್ದರೆ ಎಳೆಬೇರು ಸುಟ್ಟುಹೋಗುತ್ತದೆ.

ತುಂಬುವ ವಿಷಯದಲ್ಲಿ ಹಳೆಯ ತಪ್ಪೊಂದು ಇಂದಿಗೂ ನಡೆದುಬಂದಿದೆ. ನೀರು ಇಳಿಯಲಿ ಎಂದು ತಳದಲ್ಲಿ ಐದಾರು ಸೆಂಟಿಮೀಟರ್ ಹೆಂಚಿನ ಚೂರು ಹಾಕುತ್ತಾರೆ. ಫಲ ತಿರುಗುಮುರುಗು. ಸಣ್ಣ ಕಣದ ಮಣ್ಣು ಪೂರ್ತಿ ನೆನೆದು ತುಳುಕುವವರೆಗೂ ನೀರು ದಪ್ಪ ಚೂರಿನ ಪದರಕ್ಕೆ ಇಳಿಯುವುದಿಲ್ಲ. ಒದ್ದೆಯ ಪದರ ತಳದಿಂದ ಎದ್ದು ಬೇರಿನ ಹತ್ತಿರಕ್ಕೇ ಬರುತ್ತದೆ. ತೂತಿಗೆ ಜಾಲರಿ ಇಟ್ಟು ಒಂದೇ ಮಿಶ್ರಣವನ್ನು ತಳದಿಂದ ಬಾಯಿಯವರೆಗೆ ತುಂಬುವುದೇ ಸರಿ. ಮಣ್ಣು ಒಂದು ಪಾಲು, ಎಲೆಗೊಬ್ಬರ ಒಂದು ಪಾಲು, 3ರಿಂದ 6 ಮಿಲಿಮೀಟರಿನ ನೊರಜುಗಲ್ಲು ಎರಡು ಪಾಲು. ಮೆತ್ತೆಗಿಡಗಳಿಗೆ ಕಲ್ಲು ಇನ್ನೂ ಒಂದು ಪಾಲು ಹೆಚ್ಚಿರಲಿ. ಕಲ್ಲಿನ ದೂಳನ್ನು ಜರಡಿಯಲ್ಲಿ ತೆಗೆಯದಿದ್ದರೆ ಅದು ಸಂದುಗಳಲ್ಲಿ ಕೂತು ಗಾರೆಯಂತೆ ಗಟ್ಟಿಯಾಗುತ್ತದೆ. ಬಾನಿಯನ್ನು ಇಟ್ಟಿಗೆಯ ಮೇಲೆ ಕೂರಿಸಿ, ಜಾಗ ಖಚಿತವಾದ ಮೇಲೆಯೇ ತುಂಬಿ. 90×60×35 ಸೆಂ.ಮೀ. ಅಳತೆಯ ನಿಜವಾದ ಕಲ್ಬಾನಿ ಮಣ್ಣು ಸೇರಿದರೆ 400 ಕೆ.ಜಿ. ತೂಗುತ್ತದೆ, ಆಮೇಲೆ ಸರಿಸುವ ಮಾತೇ ಇಲ್ಲ.

ನೆಡುವ ಮುನ್ನ ನರ್ಸರಿಯ ಪೀಟನ್ನು ಬೇರಿನಿಂದ ತೊಳೆಯಬೇಕು. ಇಲ್ಲವಾದರೆ ಬೇರುಂಡೆ ಒದ್ದೆ ಬಟ್ಟೆಯಂತೆ ಸುತ್ತಿಕೊಂಡೇ ಇದ್ದು ಸುತ್ತಲಿನ ಜಲ್ಲಿಗೆ ಬೇರು ಇಳಿಯುವುದಿಲ್ಲ. ಗಿಡದ ಕುತ್ತಿಗೆ, ಅಂದರೆ ಕಾಂಡ ಬೇರಿಗೆ ಸೇರುವ ಜಾಗ, ಮಣ್ಣಿಗಿಂತ ಎರಡು ಸೆಂಟಿಮೀಟರ್ ಮೇಲಿರಲಿ. ಆ ಎರಡು ಸೆಂಟಿಮೀಟರನ್ನು ಬರೀ ನೊರಜುಗಲ್ಲಿನಿಂದ ತುಂಬಿ. ಇಡೀ ಬಾನಿಯಲ್ಲಿ ಒಂದೇ ಒಂದು ಕೆಲಸ ಸರಿಯಾಗಿ ಮಾಡುವುದಿದ್ದರೆ ಅದು ಇದು, ಕೊಳೆ ಶುರುವಾಗುವುದು ಕುತ್ತಿಗೆಯಲ್ಲೇ. ಹೊಸಬರಿಗೆ ದಪ್ಪ ಎಲೆಗಳು ಹೂವಿನಂತೆ ಸುತ್ತಿಕೊಂಡಿರುವ ಸೆಂಪರ್ವೈವಮ್ ಮತ್ತು ಎಲೆಯಂಚಿಗೆ ಸುಣ್ಣ ಕಟ್ಟುವ ಬೆಳ್ಳಿಬಣ್ಣದ ಸ್ಯಾಕ್ಸಿಫ್ರೇಜ್ ಸಾಕು. ಆಮೇಲೆ ಡ್ರಾಬಾ, ಆಂಡ್ರೊಸಾಸೆಯಂಥ ಮೆತ್ತೆಗಿಡಗಳು. ಆಲ್ಪ್ಸ್‌ನ ರಾಜ ಎನಿಸಿದ ನೀಲಿ ಹೂವಿನ ಎರಿಟ್ರಿಕಿಯಮ್ ನಾನಮ್ ಪಳಗಿದವರ ಕೈಯಲ್ಲೂ ಸಾಯುತ್ತದೆ, ಅದಕ್ಕೆ ಆಸೆಪಡದಿರುವುದು ವಾಸಿ. ಸಾರಜನಕದ ಗೊಬ್ಬರ ಕೊಡಬೇಡಿ. ಬಿಗಿಯಾದ ಮೆತ್ತೆ ಸಡಿಲವಾಗಿ ಚಳಿಗಾಲದ ಮಳೆಗೆ ಬಾಯಿ ತೆರೆಯುತ್ತದೆ. ಚಳಿಗಾಲದಲ್ಲಿ ಗಿಡದಿಂದ 15 ಸೆಂ.ಮೀ. ಮೇಲೆ ಗಾಜಿನ ಹಲಗೆಯೊಂದು ಬೇಕು, ನಾಲ್ಕೂ ಬದಿ ತೆರೆದಿರಬೇಕು. ಬದಿ ಮುಚ್ಚಿದರೆ ಮಳೆಯ ಬದಲು ಬೂಸ್ಟು ಕೊಲ್ಲುತ್ತದೆ.

ಇತ್ತೀಚಿನ ಹೊಸ ತಿರುವು ಜೆಕ್ ತೋಟಗಾರರದು. ಜ್ದೆನೆಕ್ ಜ್ವೊಲಾನೆಕ್ ಮುಂತಾದವರು ಚಪ್ಪಡಿಗಳನ್ನು ಮಲಗಿಸುವ ಬದಲು ಪುಸ್ತಕಗಳಂತೆ ಒತ್ತಾಗಿ ನಿಲ್ಲಿಸಿ, ಒಂದೆರಡು ಸೆಂಟಿಮೀಟರಿನ ಸಂದುಗಳಲ್ಲಿ ಗಿಡ ನೆಟ್ಟರು. ಬೇರು ಕಲ್ಲಿನ ತಂಪಿನ ಗುಂಟ ನೇರ ಆಳಕ್ಕೆ ಹೋಗುತ್ತದೆ, ಕುತ್ತಿಗೆ ಕಲ್ಲಿನ ನಡುವೆ ಒಣಗಿರುತ್ತದೆ. ಬಾನಿಯಲ್ಲೂ ಒಡೆದ ಚಪ್ಪಡಿ ನಿಲ್ಲಿಸಿ ಇದನ್ನೇ ಮಾಡಬಹುದು. ಇನ್ನೊಂದು ತುದಿಯಲ್ಲಿ ಲಂಡನ್ನಿನ ಕ್ಯೂ ಉದ್ಯಾನ 2006ರಲ್ಲಿ ಕಟ್ಟಿದ ಆಲ್ಪೈನ್ ಗಾಜಿನಮನೆಯಿದೆ. ಬಿಸಿಗಾಳಿ ಮೇಲೇರಿ ಹೋಗಲೆಂದು ಎತ್ತರದ ಕಮಾನು, ತಂಪುಗಾಳಿ ಬರಲೆಂದು ನೆಲದಡಿ ಕಾಂಕ್ರೀಟಿನ ಸುತ್ತುದಾರಿ. ಗಾಜಿನಮನೆ ಎಂದರೆ ಬೆಚ್ಚಗಿಡುವುದು ಎಂಬ ಲೆಕ್ಕ ಅಲ್ಲಿ ತಲೆಕೆಳಗು.

ಬೆಂಗಳೂರಿನಲ್ಲಿ ಈ ಗಿಡಗಳು ಬರುತ್ತವೆಯೇ? ಇಲ್ಲ. ಜನವರಿಯ ರಾತ್ರಿಯೂ ಸರಾಸರಿ 15 ಡಿಗ್ರಿ ಆಸುಪಾಸಿನ ಊರಲ್ಲಿ ಗಿಡಕ್ಕೆ ನಿದ್ದೆ ಸಿಗುವುದಿಲ್ಲ, ಹಗಲು ಗಳಿಸಿದ್ದನ್ನು ಬೆಚ್ಚನೆ ರಾತ್ರಿಯ ಉಸಿರಾಟದಲ್ಲೇ ಕಳೆದುಕೊಳ್ಳುತ್ತದೆ. 1,900 ಮೀಟರ್ ದಾಟಿದ ಮುಳ್ಳಯ್ಯನಗಿರಿಯೂ ಹಿಮ ಕಾಣದ ಹುಲ್ಲುಬೆಟ್ಟ. ಸ್ಕಾಟ್ಲೆಂಡಿನಲ್ಲೋ ಕೊಲರಾಡೊದಲ್ಲೋ ನೆಲೆಸಿದ ಕನ್ನಡಿಗರು ಬೇಕಾದರೆ ಬೀಜದಿಂದ ಶುರುಮಾಡಬಹುದು. ಡಿಸೆಂಬರಿನಲ್ಲಿ ಬಿತ್ತಿ, ಮೇಲೆ ತೆಳುವಾಗಿ ನೊರಜುಗಲ್ಲು ಹರಡಿ, ಕುಂಡವನ್ನು ಹೊರಗೆ ಚಳಿಗೆ ಬಿಡುವುದು. ಆರೆಂಟು ವಾರದ ತಂಪು ಸಿಕ್ಕ ಮೇಲೆ ಹಲವು ಬೀಜ ವಸಂತಕ್ಕೆ ಮೊಳೆಯುತ್ತವೆ. ಕೆಲವು ಎರಡನೇ ಚಳಿಗಾಲ ಕಳೆದ ಮೇಲೆ. ಅಲ್ಲಿಯವರೆಗೂ ಕುಂಡ ಒಣಗದಂತೆ ನೋಡಿಕೊಳ್ಳಬೇಕು, ಎಸೆಯಬಾರದು.