ದಿನಾ ನೀರು ಹಾಕಿದರೂ ಲಾನ್ ಯಾಕೆ ಹಳದಿ?

ಪ್ರಶ್ನೆ: ಬೆಂಗಳೂರಿನ ನಮ್ಮ ಮನೆ ಮುಂದೆ ಸುಮಾರು 200 ಚದರಡಿ ಜಾಗಕ್ಕೆ ಮೆಕ್ಸಿಕನ್ ಹುಲ್ಲು ಹಾಕಿಸಿದ್ದೇವೆ. ಮೊದಲ ಎರಡು ತಿಂಗಳು ರತ್ನಗಂಬಳಿ ಹಾಸಿದ ಹಾಗಿತ್ತು. ಈಗ ಅಲ್ಲಲ್ಲಿ ಹಳದಿ ತೇಪೆ. ಬೆಳಿಗ್ಗೆ ಸಂಜೆ ಎರಡು ಹೊತ್ತೂ ನೀರು ಹಾಕ್ತೀವಿ, ಯೂರಿಯಾನೂ ಹಾಕಿದ್ದಾಯ್ತು. ನೀರು ಇನ್ನೂ ಜಾಸ್ತಿ ಬೇಕಾ?

ಬೇಡ. ಪೈಪ್ ಸುತ್ತಿ ಮೂಲೆಗಿಡಿ. ಒಂದು ಉದ್ದದ ಸ್ಕ್ರೂಡ್ರೈವರ್ ತನ್ನಿ.

ಹಳದಿಯಾದ ಕಡೆ ಅದನ್ನು ನೆಟ್ಟಗೆ ನೆಲಕ್ಕೆ ಒತ್ತಿ. ಒದ್ದೆ ನೆಲದಲ್ಲಿ ಆರು ಇಂಚು ಸಲೀಸಾಗಿ ಇಳಿದರೆ ಮಣ್ಣಿನ ತಪ್ಪಲ್ಲ, ಬೇರೆ ಕಾರಣ ಹುಡುಕೋಣ. ಎರಡೇ ಇಂಚಿಗೆ ಟಕ್ ಅಂತ ನಿಂತರೆ ಸಿಕ್ಕಿಬಿದ್ದ ಹಾಗೆ. ಹಸಿರಾಗಿರುವ ಕಡೆಯೂ ಒಮ್ಮೆ ಒತ್ತಿ ನೋಡಿ. ಎರಡಕ್ಕೂ ಇರುವ ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ.

ನನಗೆ ಇದು ಗೊತ್ತಾಗಿದ್ದು ಸ್ವಂತ ದುಡ್ಡು ಕಳೆದುಕೊಂಡು. ಹಳದಿ ತೇಪೆಗೆ ಒಂದು ವರ್ಷ ನೀರು, ಗೊಬ್ಬರ, ಔಷಧಿ ಅಂತ ಸುರಿದೆ. ಕೊನೆಗೆ ತಲೆಕೆಟ್ಟು ಒಂದು ಭಾನುವಾರ ಗುದ್ದಲಿ ತಗೊಂಡು ಅಗೆದೆ. ಮೇಲೆ ಹುಲ್ಲಿನ ಕಾರ್ಪೆಟ್, ಅದರ ಕೆಳಗೆ ಎರಡೂವರೆ ಇಂಚು ಕೆಮ್ಮಣ್ಣು. ಅದರ ಕೆಳಗೆ ಒಡೆದ ಟೈಲ್ಸ್, ಜಲ್ಲಿ, ಗಟ್ಟಿಯಾಗಿ ಕೂತ ಸಿಮೆಂಟಿನ ಹೆಪ್ಪು, ಅರ್ಧ ಸಿಮೆಂಟ್ ಚೀಲ ಮತ್ತು ಒಂದು ಹವಾಯಿ ಚಪ್ಪಲಿ. ಮನೆ ಕಟ್ಟಿದವರು ಉಳಿದಿದ್ದನ್ನೆಲ್ಲಾ ಅಲ್ಲೇ ಹರಡಿ, ಮೇಲೆ ಮಣ್ಣು ಎಳೆದು, ಹುಲ್ಲು ಹೊದಿಸಿ ಕೀ ಕೊಟ್ಟು ಹೋಗಿದ್ದರು. ಹುಲ್ಲಿನ ಬೇರುಗಳು ಚಾಪೆಯ ಅಂಚಿನ ಹಾಗೆ ಅಡ್ಡಡ್ಡ ತಿರುಗಿಕೊಂಡಿದ್ದವು. ಕೆಳಗೆ ಹೋಗಲು ದಾರಿಯೇ ಇರಲಿಲ್ಲ.

ಮೊದಲ ಎರಡು ತಿಂಗಳು ಚೆನ್ನಾಗಿತ್ತು ಅಂತ ನೀವೂ ಬರೆದಿದ್ದೀರಿ. ಅದರಲ್ಲಿ ಆಶ್ಚರ್ಯವಿಲ್ಲ. ನರ್ಸರಿಯಿಂದ ಬಂದ ಕಾರ್ಪೆಟ್ ತುಂಡು ತನ್ನ ಮಣ್ಣನ್ನು ತಾನೇ ಹೊತ್ತು ತಂದಿರುತ್ತದೆ. ಅದು ತೀರುವ ತನಕ ಬುತ್ತಿ ಕಟ್ಟಿಕೊಂಡು ಬಂದ ನೆಂಟನ ಹಾಗೆ ಖುಷಿಯಾಗಿರುತ್ತದೆ. ಆಮೇಲೆ ಬೇರು ಕೆಳಗಿಳಿಯಲೇಬೇಕು. ಅಲ್ಲಿ ಮಣ್ಣು ಬೇಕು, ಅಲ್ವಾ?

ಸಿಮೆಂಟಿನಿಂದ ಇನ್ನೊಂದು ತೊಂದರೆಯೂ ಇದೆ. ಅದರ ಸುಣ್ಣ ಮಣ್ಣನ್ನು ಕ್ಷಾರ ಮಾಡುತ್ತದೆ. ಅಂಥ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗುವುದಿಲ್ಲ. ಹೊಸ ಎಲೆಗಳು ಹಳದಿ, ಎಲೆಯ ಗೆರೆಗಳು ಮಾತ್ರ ಹಸಿರು ಎಂದಾದರೆ ಅದು ಕಬ್ಬಿಣದ ಕೊರತೆ. ಹಳೇ ಎಲೆಗಳು ಮೊದಲು ಹಳದಿಯಾದರೆ ಸಾರಜನಕದ್ದು. ಕಣ್ಣಿಗೆ ಹತ್ತಿರ ಹಿಡಿದು ನೋಡಿದರೆ ಬೇರೆಬೇರೆ ಅಂತ ತಿಳಿಯುತ್ತದೆ. ಮೊದಲನೆಯದಕ್ಕೆ ಯೂರಿಯಾ ಎಷ್ಟು ಹಾಕಿದರೂ ಪ್ರಯೋಜನವಿಲ್ಲ. ಗೊಬ್ಬರದ ಅಂಗಡಿಯಲ್ಲಿ ಅನ್ನಭೇದಿ, ಅಂದರೆ ಫೆರಸ್ ಸಲ್ಫೇಟ್ ಎಂಬ ಕಬ್ಬಿಣದ ಲವಣ, ಸಿಗುತ್ತದೆ. ಲೀಟರಿಗೆ 5 ಗ್ರಾಂ ಕರಗಿಸಿ, ನಾಲ್ಕು ಹನಿ ನಿಂಬೆರಸ ಹಿಂಡಿ, ಸಂಜೆ ಹೊತ್ತು ಸಿಂಪಡಿಸಿ. ವಾರದೊಳಗೆ ಬಣ್ಣ ತಿರುಗುತ್ತದೆ. ನೆಲಗಟ್ಟಿಗೆ ಮಾತ್ರ ಹಾರಿಸಬೇಡಿ, ತುಕ್ಕಿನ ಕಲೆ ಕೂರುತ್ತದೆ. ನಮ್ಮ ಮನೆ ಮೆಟ್ಟಿಲ ಮೇಲೆ ಇನ್ನೂ ಇದೆ, ಬಂದವರೆಲ್ಲ ಏನಿದು ಅಂತ ಕೇಳುತ್ತಾರೆ. ಅಂದಹಾಗೆ ಇದು ತಾತ್ಕಾಲಿಕ ಉಪಾಯ. ಕೆಳಗಿನ ಕಸ ತೆಗೆಯುವ ತನಕ ಹಳದಿ ಮತ್ತೆ ಬರುತ್ತದೆ.

ಈಗ ನೀರಿನ ಲೆಕ್ಕ. ಬೇಸಿಗೆಯಲ್ಲಿ ನಮ್ಮ ಕಡೆಯ ಲಾನ್ ಹುಲ್ಲಿಗೆ ವಾರಕ್ಕೆ ಸುಮಾರು ಒಂದು ಇಂಚು, ಅಂದರೆ 25 ಮಿಲಿಮೀಟರ್ ನೀರು ಸಾಕು. ಚದರ ಮೀಟರಿಗೆ 25 ಲೀಟರ್ ಆಯಿತು. ನಿಮ್ಮ 200 ಚದರಡಿಗೆ ವಾರಕ್ಕೆ 465 ಲೀಟರ್, 15 ಲೀಟರಿನ ಬಕೆಟ್‌ನಲ್ಲಿ 31 ಬಕೆಟ್. ಅದನ್ನು ಎರಡು ಸಲಕ್ಕೆ ಹಂಚಿ, ಬೆಳಿಗ್ಗೆ ಹೊತ್ತು ಹಾಕಿ. ನಿಮ್ಮ ಪೈಪ್ ಒಂದು ಬಕೆಟ್ ತುಂಬಿಸಲು ಎಷ್ಟು ಹೊತ್ತು ತಗೊಳ್ಳುತ್ತದೆ ಅಂತ ಒಮ್ಮೆ ಗಡಿಯಾರ ನೋಡಿ ಲೆಕ್ಕ ಹಾಕಿ. ಸ್ಪ್ರಿಂಕ್ಲರ್ ಇದ್ದರೆ ನೆಟ್ಟನೆ ಗೋಡೆಯ ನಾಲ್ಕು ಡಬ್ಬಿಗಳನ್ನು ಹುಲ್ಲಿನ ಮೇಲೆ ಅಲ್ಲಲ್ಲಿ ಇಟ್ಟು ಸ್ಕೇಲ್‌ನಲ್ಲಿ ಅಳೆಯಿರಿ. ಒಂದು ಡಬ್ಬಿ ತುಂಬಿ, ಇನ್ನೊಂದು ತಳ ಒದ್ದೆಯಾಗಿರುತ್ತದೆ. ಎಷ್ಟೋ ಮನೆಗಳಲ್ಲಿ ತೇಪೆಗೆ ಕಾರಣ ಅಷ್ಟೇ.

ದಿನಾ ಎರಡು ಹೊತ್ತು ಚಿಮುಕಿಸುವುದರಿಂದ ಆಗುವುದೇನು? ಮೇಲಿನ ಅರ್ಧ ಇಂಚು ಸದಾ ಹಸಿ. ಬೇರು ಕೆಳಗೆ ಹೋಗುವ ಕಷ್ಟ ಯಾಕೆ ಪಡಬೇಕು? ಮೇಲೆಯೇ ಉಳಿಯುತ್ತದೆ. ಆಮೇಲೆ ನೀವು ಎರಡು ದಿನ ಊರಿಗೆ ಹೋದರೆ ಹುಲ್ಲು ಸೊರಗುತ್ತದೆ. ಸಂಜೆಯ ನೀರಂತೂ ರಾತ್ರಿಯಿಡೀ ಎಲೆಯ ಮೇಲೆ ನಿಂತು ಶಿಲೀಂಧ್ರ ರೋಗಕ್ಕೆ ಬಾಗಿಲು ತೆಗೆಯುತ್ತದೆ. ನೀರು ಬೇಕಾ ಬೇಡವಾ ಅಂತ ಹುಲ್ಲೇ ಹೇಳುತ್ತದೆ. ಲಾನ್ ಮೇಲೆ ನಡೆದು ಹಿಂದೆ ತಿರುಗಿ ನೋಡಿ. ತುಳಿದ ಹುಲ್ಲು ತಲೆ ಎತ್ತಿದರೆ ಬೇಡ. ಹೆಜ್ಜೆಗುರುತು ಹಾಗೇ ಉಳಿದು, ಬಣ್ಣ ಸ್ವಲ್ಪ ಬೂದಿಗೆ ತಿರುಗಿದ್ದರೆ ಬೇಕು.

ಕಾವೇರಿ ನೀರನ್ನು ಇದಕ್ಕೆ ಬಿಡುವುದು ನನಗಂತೂ ಸರಿ ಕಾಣುವುದಿಲ್ಲ. 2024ರ ಮಾರ್ಚ್‌ನಲ್ಲಿ ಜಲಮಂಡಳಿಯೇ ಕುಡಿಯುವ ನೀರನ್ನು ಕೈತೋಟಕ್ಕೆ, ಕಾರು ತೊಳೆಯಲು ಬಳಸಿದರೆ 5,000 ರೂಪಾಯಿ ದಂಡ ಅಂತ ಹೇಳಿತ್ತು. 2025ರ ಫೆಬ್ರವರಿಯಲ್ಲೂ ಅದನ್ನೇ ಹೇಳಿತು. ತರಕಾರಿ, ಅಕ್ಕಿ ತೊಳೆದ ನೀರು ಧಾರಾಳವಾಗಿ ಹಾಕಿ. ಆರ್‌ಒ ಯಂತ್ರದಿಂದ ಹೊರಬರುವ ನೀರಿನಲ್ಲಿ ಲವಣ ಜಾಸ್ತಿ, ಅದೊಂದನ್ನೇ ನಂಬಿಕೊಂಡರೆ ಮಣ್ಣು ಕೆಡುತ್ತದೆ. ವಾಷಿಂಗ್ ಮೆಷಿನ್ ನೀರು ಬೇಡವೇ ಬೇಡ. ಸೋಪಿನ ಸೋಡಿಯಂ ಮಣ್ಣನ್ನು ಇನ್ನಷ್ಟು ಬಿಗಿ ಮಾಡುತ್ತದೆ.

ಇನ್ನು ಬಿಸಿಲು. ನಿಮ್ಮ ಮನೆ ಯಾವ ದಿಕ್ಕಿಗಿದೆ ಅಂತ ನೀವು ಬರೆದಿಲ್ಲ. ಉತ್ತರಕ್ಕಿದ್ದರೆ ಇದನ್ನು ಗಮನವಿಟ್ಟು ಓದಿ. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ 24ರ ಆಸುಪಾಸು, ಮತ್ತೆ ಆಗಸ್ಟ್ 18ರ ಆಸುಪಾಸು ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ. ಶೂನ್ಯ ನೆರಳಿನ ದಿನ ಅಂತ ಪೇಪರಿನಲ್ಲಿ ಬರುತ್ತದಲ್ಲ, ಅದೇ. ಆದರೆ ಡಿಸೆಂಬರ್ ಕೊನೆಗೆ ಸೂರ್ಯ ದಕ್ಷಿಣಕ್ಕೆ 36 ಡಿಗ್ರಿಗಿಂತ ಜಾಸ್ತಿ ವಾಲಿರುತ್ತಾನೆ. ಆಗ 30 ಅಡಿ ಎತ್ತರದ ಮನೆಯ ನೆರಳು ಮಧ್ಯಾಹ್ನವೂ ಉತ್ತರಕ್ಕೆ 22 ಅಡಿ ಬೀಳುತ್ತದೆ. ವಾಸ್ತು ನೋಡಿ ಉತ್ತರ ಬಾಗಿಲಿನ ಮನೆ ಕಟ್ಟಿ ಮುಂದೆ ಲಾನ್ ಹಾಕಿದರೆ, ಏಪ್ರಿಲ್‌ನಲ್ಲಿ ಬಿಸಿಲು ನೋಡಿದ ಹುಲ್ಲು ನವೆಂಬರಿನಿಂದ ಜನವರಿ ತನಕ ನೆರಳಿನಲ್ಲೇ ಕೂರುತ್ತದೆ. ವಾಸ್ತು ಹುಲ್ಲಿಗೆ ಗೊತ್ತಿಲ್ಲ. ಜೊತೆಗೆ ಚಳಿ. ನಮ್ಮ ಲಾನ್ ಹುಲ್ಲುಗಳೆಲ್ಲ ಸೆಖೆಯಲ್ಲಿ ಬೆಳೆಯುವ ಜಾತಿ, ರಾತ್ರಿ 15 ಡಿಗ್ರಿಗೆ ಇಳಿದರೆ ನಿಧಾನವಾಗುತ್ತವೆ. ಆಗ ನೀರು ಕಡಿಮೆ ಮಾಡಬೇಕು. ಹಳದಿ ಕಂಡಿತು ಅಂತ ನಾವು ಮಾಡುವುದು ಅದರ ಉಲ್ಟಾ.

ಗರಿಕೆಗೆ ದಿನಕ್ಕೆ ಆರೇಳು ಗಂಟೆ ನೇರ ಬಿಸಿಲು ಬೇಕು. ಮೆಕ್ಸಿಕನ್, ಕೊರಿಯನ್ ಅಂತ ಮಾರುವ ಜೋಯ್ಸಿಯಾ ಜಾತಿಯವು ಅದಕ್ಕಿಂತ ಸ್ವಲ್ಪ ಕಡಿಮೆಗೂ ಹೊಂದಿಕೊಳ್ಳುತ್ತವೆ. ಅಗಲ ಎಲೆಯ ಬಫೆಲೋ ಹುಲ್ಲು ಇನ್ನೂ ಜಾಸ್ತಿ ನೆರಳು ತಾಳುತ್ತದೆ. ದಟ್ಟ ಮಾವಿನ ಮರದ ಬುಡದಲ್ಲಿ ಮಾತ್ರ ಯಾವುದೂ ಬಾಳುವುದಿಲ್ಲ, ಅಲ್ಲಿ ಸುಮ್ನೆ ಹೋರಾಡಬೇಡಿ.

ಮಕ್ಕಳು ಕ್ರಿಕೆಟ್ ಆಡುವ ಜಾಗವಾದರೆ ನಾನು ಗರಿಕೆಗೇ ಓಟು ಹಾಕುತ್ತೇನೆ. ಉತ್ತರ ಕರ್ನಾಟಕದವರು ಕರಕಿ ಅನ್ನುವ ಅದೇ ಹುಲ್ಲು. ಗಣಪತಿಗೆ ಏರಿಸುವುದು, ಹೊಲದಲ್ಲಿ ರೈತ ಬೈದು ಕೀಳುವುದು, ಗಾಲ್ಫ್ ಮೈದಾನದಲ್ಲಿ ಬರ್ಮುಡಾ ಅಂತ ಹೆಸರು ಬದಲಿಸಿಕೊಂಡು ನಿಲ್ಲುವುದು ಎಲ್ಲವೂ ಅದರ ಬಳಗವೇ. ನೆಲದ ಮೇಲೂ ಓಡುತ್ತದೆ, ನೆಲದೊಳಗೂ ಓಡುತ್ತದೆ. ತುಳಿದು ಬೋಳಾದ ಜಾಗವನ್ನು ತಾನೇ ಮುಚ್ಚಿಕೊಳ್ಳುತ್ತದೆ. ಮೆಕ್ಸಿಕನ್ ನೋಡಲು ಮೆತ್ತಗೆ ಚಂದ, ಆದರೆ ಗಾಯ ಮಾಯಲು ತಿಂಗಳುಗಟ್ಟಲೆ ತಗೊಳ್ಳುತ್ತದೆ.

ತೇಪೆಯ ಆಕಾರವನ್ನೂ ನೋಡಿ. ನಡುವೆ ಸುಟ್ಟ ಹಳದಿ, ಸುತ್ತ ಕಡುಹಸಿರು ಉಂಗುರ ಇದ್ದರೆ ನಾಯಿ ಮೂತ್ರ. ಮುಷ್ಟಿಯಲ್ಲಿ ಎರಚಿದ ಹಾಗೆ ಗೆರೆಗೆರೆಯಾಗಿ ಸುಟ್ಟಿದ್ದರೆ ನಿಮ್ಮದೇ ಯೂರಿಯಾ. 100 ಚದರಡಿಗೆ ತಿಂಗಳಿಗೆ 50 ಗ್ರಾಂ ಸಾಕು, ಅದೂ ಹುಲ್ಲು ಬೆಳೆಯುವ ಕಾಲದಲ್ಲಿ ಮಾತ್ರ. ಒಣಗಿದ ಮರಳಿನಲ್ಲಿ ಬೆರೆಸಿ ಎರಚಿ, ತಕ್ಷಣ ನೀರು ಬಿಡಿ. ಇಡೀ ಲಾನ್ ಬಿಳಿಚಿಕೊಂಡ ಕಂದು ಬಣ್ಣವಾಗಿದ್ದರೆ ಮಾಲಿಯ ಕೈವಾಡ. ತಿಂಗಳಿಗೊಮ್ಮೆ ಬಂದು ನುಣ್ಣಗೆ ಬೋಳಿಸಿ ಹೋಗಿರುತ್ತಾರೆ. ಒಂದು ಸಲಕ್ಕೆ ಎತ್ತರದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕತ್ತರಿಸಬಾರದು. ಒಂದೂವರೆ ಇಂಚು ಉಳಿಯಬೇಕಾದರೆ ಎರಡೂಕಾಲು ಇಂಚು ಬೆಳೆಯುವಷ್ಟರಲ್ಲಿ ಕತ್ತರಿಸಿ. ಬ್ಲೇಡ್ ಹರಿತವಿಲ್ಲದಿದ್ದರೆ ಎಲೆಯ ತುದಿ ಕತ್ತರಿಸುವುದಿಲ್ಲ, ಹರಿಯುತ್ತದೆ. ಆ ತುದಿಗಳು ಬಿಳಿಯಾಗಿ ಒಣಗಿ ದೂರಕ್ಕೆ ರೋಗದ ಹಾಗೆ ಕಾಣುತ್ತವೆ.

ಹುಲ್ಲನ್ನು ಹಿಡಿದೆಳೆದರೆ ಚಾಪೆಯ ಹಾಗೆ ಸುರುಳಿ ಎದ್ದು ಬಂದರೆ ಅದು ಬೇರೆಯೇ ಕಥೆ. ಕೆಳಗೆ ನೋಡಿ. ಕಂದು ತಲೆ, ಕೆನೆ ಬಣ್ಣದ ದಪ್ಪ ಮೈ, ಕುಡುಗೋಲಿನ ಅಲಗಿನಂತೆ ಬಾಗಿ ಮಲಗಿರುವ ಗೊಣ್ಣೆ ಹುಳು ಸಿಗುತ್ತದೆ. ಬೇರನ್ನೆಲ್ಲ ತಿಂದು ಮುಗಿಸಿರುತ್ತದೆ. ಗೊರವಂಕಗಳು ಬಂದು ಒಂದೇ ಜಾಗ ಕುಕ್ಕುತ್ತಿದ್ದರೆ ಅನುಮಾನ ಪಡಿ. ಏಪ್ರಿಲ್, ಮೇ ತಿಂಗಳ ಮೊದಲ ಮಳೆ ಬಿದ್ದ ಸಂಜೆ ಇದರ ದುಂಬಿಗಳು ಮಣ್ಣಿನಿಂದ ಎದ್ದು ಬೇವಿನ ಮರಕ್ಕೆ ಮುತ್ತುತ್ತವೆ. ಅವತ್ತೇ ಟಾರ್ಚ್ ಹಿಡಿದು ಕೊಂಬೆ ಅಲುಗಿಸಿ, ಬಿದ್ದವನ್ನು ಸೋಪಿನ ನೀರಿಗೆ ಹಾಕಿದರೆ ಮುಂದಿನ ಅರ್ಧ ಕಾಟ ತಪ್ಪುತ್ತದೆ. ಹುಳು ಈಗಾಗಲೇ ಇದ್ದರೆ ಮೆಟರೈಜಿಯಂ ಎಂಬ ಶಿಲೀಂಧ್ರದ ಪುಡಿಯನ್ನು ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ ಮಳೆಗಾಲದ ಹಸಿ ಮಣ್ಣಿಗೆ ಹಾಕುತ್ತಾರೆ. ಮಕ್ಕಳು ಉರುಳಾಡುವ ಜಾಗಕ್ಕೆ ನಾನು ವಿಷದ ಹರಳು ಹಾಕುವುದಿಲ್ಲ.

ಕಳೆ ಬಗ್ಗೆ ಒಂದೇ ಮಾತು. ಹುಲ್ಲಿನ ಹಾಗೇ ಕಾಣುತ್ತಾ ಅದಕ್ಕಿಂತ ಬೇಗ ಬೆಳೆಯುವ ದಂಟನ್ನು ಬೆರಳಿನಲ್ಲಿ ಹೊರಳಿಸಿ. ಮೂರು ಅಂಚು ಸಿಕ್ಕರೆ ಅದು ಜೇಕು. ಮೇಲೆ ಕಿತ್ತರೆ ಗಡ್ಡೆ ಒಳಗೇ ಉಳಿದು ಮತ್ತೆ ಮೊಳೆಯುತ್ತದೆ. ಮಳೆ ಬಂದ ಮಾರನೇ ದಿನ ಅದೇ ಸ್ಕ್ರೂಡ್ರೈವರ್‌ನಿಂದ ಗಡ್ಡೆ ಸಮೇತ ಎಬ್ಬಿಸಿ. ಬಹಳ ಸಲ ಅದು ಬರುವುದೇ ವರ್ಷಕ್ಕೊಮ್ಮೆ ಮಾಲಿ ಹೊದಿಸುವ ಲೋಡ್ ಮಣ್ಣಿನಲ್ಲಿ.

ಸರಿ, ಸ್ಕ್ರೂಡ್ರೈವರ್ ಎರಡೇ ಇಂಚಿಗೆ ನಿಂತಿತು ಅಂದುಕೊಳ್ಳಿ. ಮಣ್ಣು ಬರೀ ಗಟ್ಟಿಯಾಗಿದ್ದರೆ ತೋಟದ ಫೋರ್ಕ್‌ನಿಂದ ಅಂಗೈ ಅಗಲಕ್ಕೊಂದು ತೂತು ಹೊಡೆದು, ಚೆನ್ನಾಗಿ ಕಳಿತ ಗೊಬ್ಬರ ಮತ್ತು ದಪ್ಪ ಮರಳು ಜರಡಿ ಹಿಡಿದು ಕಾಲು ಇಂಚು ಹರಡಿ ಗುಡಿಸಿ. ಕೆಳಗೆ ಕಸವೇ ಇದ್ದರೆ ತೇಪೆ ಇದ್ದಷ್ಟು ಜಾಗ ಒಂದಡಿ ಆಳ ಅಗೆದು ತೆಗೆಯದೆ ವಿಧಿಯಿಲ್ಲ. ಜೂನ್ ಮಳೆ ಹಿಡಿಯುವ ಹೊತ್ತಿಗೆ ಮಾಡಿ. ಮತ್ತೆ ಕಾರ್ಪೆಟ್ ಕೊಳ್ಳಲೇಬೇಕು ಅಂತೇನಿಲ್ಲ. ಗರಿಕೆಯನ್ನು ಎರಡೆರಡು ಇಂಚಿಗೆ ಕತ್ತರಿಸಿ, ಹಸಿ ಸಗಣಿ ಮತ್ತು ಮಣ್ಣಿನ ರಾಡಿಯಲ್ಲಿ ಕಲಸಿ, ಹದ ಮಾಡಿದ ನೆಲಕ್ಕೆ ಅಂಗಳ ಸಾರಿಸಿದ ಹಾಗೆ ಬಳಿಯುವುದು ಹಳೇ ತೋಟಗಾರರ ವಿಧಾನ. ಮೊದಲ ಹದಿನೈದು ದಿನ ಮಾತ್ರ ತೇವ ಆರಬಾರದು, ಆಗ ದಿನಾ ನೀರು ಚಿಮುಕಿಸುವುದು ಸರಿಯೇ. ನೋಡಿದವರು ಮೂಗು ಮುರಿಯುತ್ತಾರೆ. ಮಳೆ ಕೈಕೊಡದಿದ್ದರೆ ಗಣೇಶ ಚತುರ್ಥಿಯ ಹೊತ್ತಿಗೆ ಅದೇ ಜಾಗದಲ್ಲಿ ಗರಿಕೆ ಕೇಳಿಕೊಂಡು ಬರುತ್ತಾರೆ.

ನಾನೂ ಹಾಗೇ ಮಾಡಿದೆ. ಅಗೆದ ಕಸ ಹದಿನಾಲ್ಕು ಚೀಲ ಆಯಿತು. ಮನೆಯ ಉತ್ತರದ ಪಟ್ಟಿಯನ್ನು ಮಾತ್ರ ಹುಲ್ಲಿಗೆ ಬಿಡಲಿಲ್ಲ. ಅಲ್ಲಿ ಎರಡು ಸಲ ಹುಲ್ಲು ಸತ್ತ ಜಾಗದಲ್ಲಿ ತಾನಾಗಿ ಒಂದೆಲಗ ಹಬ್ಬಿತ್ತು. ಕಲ್ಲು ಚಪ್ಪಡಿ ಇಟ್ಟು ನಡುವೆ ಅದನ್ನೇ ಬಿಟ್ಟಿದ್ದೇನೆ. ವಾರಕ್ಕೊಂದು ಸಲ ತಂಬುಳಿಗೆ ಸಾಕಾಗುತ್ತದೆ.